ಕಂಟ್ರಾಕ್ಟರ್ ಮಾರಪ್ಪನ ಹೆಂಡತಿ

"ಕಂಟ್ರಾಕ್ಟರ್ ಹೆಂಡ್ತಿ ಬಂದ್ಲು, ದಾರಿ ಬಿಡ್ರಪ್ಪ. ರೇಷ್ಮೆ ಸೀರೆ ಉಟ್ಕಂಡವ್ಳೆ, ಮೈ ತಾಗಿಸ್ಕಂಡೀರ."

ನ್ಯಾಯಬೆಲೆ ಅಂಗಡಿಯ ಗೋವಿಂದಯ್ಯ ತಕ್ಕಡಿಯ ಹಿಂದಿನಿಂದ ಹೀಗೆ ಕೂಗಿದಾಗ ಕಾಟಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಯಾವಳೋ ಕಂಟ್ರಾಕ್ಟರನ ಹೆಂಡತಿ ಕಾರಿನಿಂದ ಇಳಿದು ಬಂದಿರಬೇಕು ಅಂದುಕೊಂಡಳು. ಹಿಂದೆ ಇದ್ದವಳು ಏಕನಾಥಮ್ಮ, ಅವಳ ಹಿಂದೆ ಖಾಲಿ ಚೀಲ ಹಿಡಿದ ಕೇರಿಯ ಹೆಂಗಸರು. ಕಾಟಮ್ಮನ ಮೈಮೇಲೆ ಇದ್ದದ್ದು ಸಿಮೆಂಟು ಹತ್ತಿ ಬಿರುಸಾದ ಹಳೇ ಸೀರೆ, ಅದರ ಮೇಲೆ ಗಂಡನ ತುಂಬುತೋಳಿನ ಅಂಗಿ. ಹೊಳಲ್ಕೆರೆ ತಾಲ್ಲೂಕಿನಲ್ಲಿ ರಾಮಗಿರಿಯಿಂದ ಒಳಕ್ಕೆ ಹೋಗುವ ದಾರಿಯ ಆ ಊರಿನಲ್ಲಿ ಬಾಂಡ್ಲಿ ಹೊರುವ ಹೆಂಗಸರೆಲ್ಲ ಉಡುವುದೇ ಹಾಗೆ.

"ನಿಂಗೇ ಕಣಮ್ಮ ಹೇಳಿದ್ದು. ಹೆಬ್ಬೆಟ್ಟು ಒತ್ತಬ್ಯಾಡ, ಮಿಶನ್ ಕೆಟ್ಟೀತು. ನಿನ್ನ ಕಾರ್ಡು ವಜಾ ಆಗೈತೆ."

"ಯಾಕ್ ಸ್ವಾಮಿ, ಹೋದ ತಿಂಗಳು ಒಯ್ದಿದ್ನಲ್ಲ."

"ಹೋದ ತಿಂಗಳು ನೀನು ಬಡವಿ. ಈ ತಿಂಗಳು ನಿನ್ನ ಗಂಡ ಸರ್ಕಾರಕ್ಕೆ ಟ್ಯಾಕ್ಸ್ ಕಟ್ಟೋ ದೊಡ್ಡ ಕುಳ. ಮ್ಯಾಲಿಂದ ಬಂದೈತೆ, ಮಾರಪ್ಪ, ಕಂಟ್ರಾಕ್ಟರ್, ಕೋಟಿಗಟ್ಲೆ ಕೆಲ್ಸ ಮಾಡ್ಸಾನೆ ಅಂತ. ಅಂಥಾ ಗಂಡನ್ನ ಇಟ್ಕಂಡು ಪುಕ್ಸಟ್ಟೆ ಅಕ್ಕಿಗೆ ಚೀಲ ಚಾಚ್ತೀಯಲ್ಲ, ನಿಮ್ಮ ಜಾತಿಗೆ ಎಷ್ಟು ಕೊಟ್ರೂ ಸಾಲಲ್ಲ ಬಿಡು."

ಊರವರು ಬೆಳಿಗ್ಗೆಯೇ ಅಕ್ಕಿ ಒಯ್ದಿದ್ದರು. ಅವರದೆಲ್ಲ ಮುಗಿದ ಮೇಲೆ ಕೇರಿಯವರು ಬರಬೇಕು ಅಂತ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ, ಆದರೂ ಹಾಗೇ ನಡೆದುಕೊಂಡು ಬಂದಿತ್ತು. ಕಾಟಮ್ಮ ಬೆರಳನ್ನು ಸೆರಗಿಗೆ ಉಜ್ಜಿ ಮತ್ತೊಮ್ಮೆ ಮಿಶನ್ನಿಗೆ ಚಾಚಿದಳು. ಗೋವಿಂದಯ್ಯ ಮಿಶನ್ನನ್ನು ತನ್ನ ಕಡೆ ಎಳೆದುಕೊಂಡ.

"ಬರ್ರಿ ಮುಂದ್ನೋರು," ಅಂದ.

ಏಕನಾಥಮ್ಮ ಕಾಟಮ್ಮನನ್ನು ದಾಟಿ ಮುಂದೆ ಹೋಗುವಾಗ ಮುಖ ನೋಡಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಒಂದೇ ಸಾಲಿನಲ್ಲಿ ನಿಂತು ಬಾಂಡ್ಲಿ ದಾಟಿಸುವ ಹೆಂಗಸು, ಒಂದೇ ಬುತ್ತಿಯಿಂದ ಮುದ್ದೆ ಮುರಿದು ತಿಂದವಳು. ಮೆಲ್ಲಗೆ ಅಂದಳು: "ಕೇರಿಯಾಗೆ ಏಳ್ತೈತಲ್ಲ ಸಮುದಾಯ ಭವನ, ಅದೂ ನಿಮ್ದೇ ಕಂಟ್ರಾಕ್ಟಂತೆ. ನಮ್ಮ ಜೊತೆ ಬಾಂಡ್ಲಿ ಹೊತ್ತು ನಾಟ್ಕ ಆಡ್ತಿದ್ಯೇನೆ ಕಾಟಿ. ಮುಚ್ಚಿಟ್ಕಂಡು ಉಂಡ್ರಲ್ಲ."

ಕಾಟಮ್ಮ ಯಾವುದನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಅಂಗಡಿಯ ಎಣ್ಣೆಯನ್ನು ಮೂಸಿ ನೋಡುವಳು, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವಳು, ಕೇರಿಯವರು ಅದಕ್ಕೇ ಅವಳನ್ನು ಆಡಿಕೊಳ್ಳುವರು. ಅಂಥವಳ ಮೇಲೆ ಇವತ್ತು ಇಡೀ ಕೇರಿಗೇ ಅನುಮಾನ ಬಂದಿತ್ತು. ಖಾಲಿ ಚೀಲವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಕಡೆ ನಡೆದಳು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಗೋವಿಂದಯ್ಯ ಸುಳ್ಳ, ಸರಿ. ಆದರೆ ಮಿಶನ್ನು ಯಾಕೆ ಸುಳ್ಳು ಹೇಳುತ್ತದೆ?

*

ಮಾರಪ್ಪ ಗಾರೆ ಕೆಲಸದಿಂದ ಬಂದು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದ.

"ಹೊಸದುರ್ಗದಾಗೆ ಯಾವಳನ್ನ ಮಡಿಕ್ಕಂಡಿದ್ದೀಯ?" ಕಾಟಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಏನೇ, ತಲೆ ಕೆಟ್ಟೈತಾ?"

"ಕೋಟಿಗಟ್ಲೆ ಕೆಲ್ಸ ಮಾಡ್ಸಿದ್ದೀಯಂತೆ. ಈ ಮನೆಗೆ ಒಂದು ಹಂಚು ಹೊಸದು ಬಂದಿಲ್ಲ. ಮತ್ತೆ ಎಲ್ಲಿಗೋತು? ಯಾವಳ ಮನೆಗೋತು?"

ಮಾರಪ್ಪ ಚೆಂಬು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ಕಾಟಮ್ಮನಿಗೆ ಸಮಾಧಾನವಾಗುತ್ತಿತ್ತು. ಸಿಟ್ಟು ಬರಲಿಲ್ಲ. ಕದ್ದು ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ.

"ಪ್ರಭಣ್ಣ ಕಾರಾಗೆ ಕುಂದ್ರಿಸ್ಕಂಡು ಚಿತ್ರದುರ್ಗಕ್ಕೆ ಕರ್ಕಂಡು ಹೋಗಿದ್ನಲ್ಲ," ಅಂದ. ಪ್ರಭಣ್ಣ ಊರಿನ ಕಂಟ್ರಾಕ್ಟರು, ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡುವುದು ಅವನ ಹತ್ತಿರವೇ.

"ಕಣ್ಣಿನ ಆಸ್ಪತ್ರಿಗೆ ಅಂದಿದ್ದೆ."

"ಆಸ್ಪತ್ರಿಗಲ್ಲ. ಆಫೀಸಿಗೆ. ಜಾತಿ ಸರ್ಟಿಫಿಕೇಟು, ಆಧಾರು, ಫೋಟೋ ಎಲ್ಲ ಇಸ್ಕಂಡ್ರು. ನನ್ನ ಹೆಸರಾಗೆ ಒಂದು ಮೊಬೈಲೂ ತೆಗ್ದು ಅವನೇ ಇಟ್ಕಂಡ. ನಿಮ್ಮೋರಿಗೆ ಅಂತ್ಲೇ ಸರ್ಕಾರ ಟೆಂಡರು ಮೀಸಲು ಮಡಗೈತೆ ಮಾರಪ್ಪ, ನಮ್ಮ ಹೆಸರಿಗೆ ಅದು ಆಗಲ್ಲ, ನಿನ್ನ ಹೆಸರಿಗೆ ಲೈಸೆನ್ಸ್ ಮಾಡ್ಸಾಣ, ದುಡ್ಡು ನಾನು ಹಾಕ್ತೀನಿ, ಕೆಲ್ಸ ಕಲ್ತ್ಮೇಲೆ ನೀನೇ ಕಂಟ್ರಾಕ್ಟರ್ ಅಂದ. ಬರುವಾಗ ಹೋಟ್ಲಾಗೆ ಎದ್ರು ಕುಂದ್ರಿಸ್ಕಂಡು ಊಟ ಹಾಕ್ಸಿದ ಕಣೆ. ಅವನ ಟೇಬಲ್ಲಿನಾಗೇ."

"ಊಟ ಹಾಕ್ಸಿದ. ಅದಕ್ಕೆ ಹೆಸರು ಕೊಟ್ಟು ಬಂದೆ."

"ಒಂದಿನ ಆಗ್ತೀನಿ ಅಂದ್ಕಂಡಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬ್ಯಾಡ ಅಂತಿದ್ದೆ. ನೀನು ಎಲ್ಲದಕ್ಕೂ ಬ್ಯಾಡ ಅಂತೀಯ."

ಅದು ನಿಜವಾದ್ದರಿಂದ ಕಾಟಮ್ಮನಿಗೆ ಹೆಚ್ಚು ಉರಿಯಿತು. ಅವನು ಉಣ್ಣಲು ಕೂತಾಗ ಅವಳು ಟ್ರಂಕು ತೆಗೆದಳು, ಗೂಟಕ್ಕೆ ಹಾಕಿದ ಅಂಗಿಯ ಜೇಬು ತಡಕಿದಳು, ದೇವರ ಗೂಡಿನ ಹಿಂದೆಯೂ ಕೈ ಹಾಕಿದಳು. ಮಾರಪ್ಪ ನೋಡುತ್ತಲೇ ಉಂಡ. ಅರ್ಧ ಕಟ್ಟು ಬೀಡಿ ಬಿಟ್ಟರೆ ಅವಳ ಕೈಗೆ ಏನೂ ಸಿಗಲಿಲ್ಲ. ದುಡ್ಡೋ ಸರವೋ ಸಿಕ್ಕಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗಬಹುದಿತ್ತು. ಈಗ ಆ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು.

"ನಾಳೆ ಅವನತ್ರ ಹೋಗ್ತೀನಿ," ಅಂದಳು. "ನಮ್ಮ ಹೆಸರು ನಮಗೆ ಕೊಡು ಅಂತೀನಿ. ಹೆಸರು ಬಂದ್ರೆ ಕಾರ್ಡು ಬರ್ತೈತೆ."

"ಜಗಳ ಮಾಡ್ಬ್ಯಾಡ. ನಾಳಿದ್ದು ಕೆಲ್ಸ ಕೊಡಾನು ಅವನೇ."

*

ಪ್ರಭಣ್ಣನ ಮನೆಯ ಅಂಗಳದಲ್ಲಿ ಜಲ್ಲಿ, ಎಂ-ಸ್ಯಾಂಡು, ಕಂಬಿಯ ಹೊರೆ. ಪಕ್ಕದ ಕೋಣೆಯೇ ಆಫೀಸು. ಅವನ ಅಪ್ಪನ ಕಾಲದಲ್ಲಿ ಅದು ದನದ ಕೊಟ್ಟಿಗೆ, ಕಾಟಮ್ಮನ ಮಾವ ಅಲ್ಲಿ ಸಗಣಿ ಬಾಚುತ್ತಿದ್ದ. ಈಗ ಟೈಲ್ಸು ಹಾಕಿ ಕಂಪ್ಯೂಟರು ಇಟ್ಟಿದ್ದರು. ದನದ ಸಗಣಿ ಬಾಚಲು ಕೇರಿಯವರು ಒಳಗೆ ಹೋಗಬಹುದಿತ್ತು, ಕಂಪ್ಯೂಟರಿಗೆ ಆ ರೂಢಿ ಇರಲಿಲ್ಲ.

"ಓ, ಕಾಟಮ್ಮ. ಬಾರವ್ವ. ಕುಂತ್ಕ." ಪ್ರಭಣ್ಣ ತಾನೇ ಎದ್ದು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಾಚೆ ತಳ್ಳಿದ.

ಕುರ್ಚಿ ನೋಡಿದ ಕೂಡಲೇ ಕಾಟಮ್ಮ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಈ ಮನೆಯಲ್ಲಿ ಬೈಸಿಕೊಂಡು ಗೊತ್ತು, ನಿಂತು ಗೊತ್ತು, ಬಿಸಿಲಲ್ಲಿ ಕಾದು ಗೊತ್ತು. ಕುರ್ಚಿ ಕೊಟ್ಟಿದ್ದು ಗೊತ್ತಿಲ್ಲ. ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂದುಕೊಂಡು ಅವಳು ನಿಂತೇ ಇದ್ದಳು. ಕಾಗದದ ಲೋಟದಲ್ಲಿ ಟೀ ಬಂತು. ಕುಡಿದ ಮೇಲೆ ಬಿಸಾಕುವ ಲೋಟವಾದ್ದರಿಂದ ಈಚೆಗೆ ಆ ಮನೆಯವರಿಗೂ ಅದು ಸಲೀಸಾಗಿತ್ತು.

"ಕಾರ್ಡಿನ ವಿಷ್ಯ ಮಾರಪ್ಪ ಫೋನಾಗೆ ಹೇಳ್ದ," ಅಂದ ಪ್ರಭಣ್ಣ. "ಅಷ್ಟಕ್ಕೆ ತಲೆ ಕೆಡಿಸ್ಕಬ್ಯಾಡ. ಸರ್ಕಾರ ಕೊಡೋ ಮುಗ್ಗಲು ಅಕ್ಕಿ ಯಾಕೆ? ತಿಂಗ್ಳು ತಿಂಗ್ಳು ನಮ್ಮನೆಯಿಂದ ಒಂದು ಚೀಲ ಒಯ್ಯಿ. ಸೋನಾ ಮಸೂರಿ. ಹಿತ್ಲ ಬಾಗ್ಲಿಗೆ ಬಂದು ಕೇಳು, ನಮ್ಮನೆಯೋಳು ಅಳ್ದು ಕೊಡ್ತಾಳೆ."

"ಅದು ನಮ್ಮ ಕಾರ್ಡು ಅಣ್ಣಾ. ಆಸ್ಪತ್ರಿಗೆ ಹೋದ್ರೂ ಅದೇ ಕೇಳ್ತಾರೆ. ನಮ್ಮ ಯಜಮಾನ್ನ ಹೆಸರು ಬಿಟ್ಕೊಡ್ರಿ, ಸಾಕು."

"ಬಿಟ್ಕೊಡ್ತೀನವ್ವ, ನಾನೇನು ತಿಂದ್ಬಿಡ್ತೀನಾ. ಈಗ ಭವನದ ಕೆಲ್ಸ ನಡೀತೈತೆ. ಅದರ ಹಿಂದೆ ಬಾಗೂರು ಕಡೆ ಎರಡು ಕೆಲ್ಸ ಅವನ ಹೆಸರಾಗೇ ಹಾಕೀವಿ. ಮುಗೀಲಿ."

ಅವನು ಮಾತಾಡುತ್ತಿದ್ದಾಗ ಕಾಟಮ್ಮನ ಕಣ್ಣು ಒಳಗಿನ ಗೋಡೆಯ ಮೇಲಿತ್ತು. ಲಾಡ್ಜಿನಲ್ಲಿ ಕೋಣೆಯ ಬೀಗದ ಕೈ ನೇತುಹಾಕಿದಂತೆ ಒಂದು ಹಲಗೆಗೆ ಮೊಳೆ ಹೊಡೆದು, ಹೆಬ್ಬೆರಳು ಗಾತ್ರದ ಕೀಗಳನ್ನು ದಾರದಲ್ಲಿ ನೇತುಹಾಕಿದ್ದರು. ಕಂಪ್ಯೂಟರಿಗೆ ಚುಚ್ಚಿ ಟೆಂಡರ್ ಹಾಕುವ ಕೀ. ಅದು ಯಾರ ಹೆಸರಲ್ಲಿದೆಯೋ ಅವನೇ ರುಜು ಹಾಕಿದ ಲೆಕ್ಕ. ಒಂದೊಂದರ ಮೇಲೂ ಬಿಳೀ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ, ಮುಚ್ಚುಮರೆ ಇಲ್ಲದೆ. ಏಳನೇ ಕ್ಲಾಸಿನವರೆಗೆ ಓದಿದ ಕಾಟಮ್ಮ ಒಂದೊಂದನ್ನೇ ಓದಿದಳು. ಮಾರಪ್ಪ ಇದ್ದ. ಮಿಕ್ಸರ್ ಓಡಿಸುವ ಓಬಳೇಶ ಇದ್ದ, ಏಕನಾಥಮ್ಮನ ಮಗ. ಟ್ರ್ಯಾಕ್ಟರ್ ಡ್ರೈವರ್ ಇದ್ದ, ಕುರಿ ಕಾಯುವವನಿದ್ದ. ಕೇರಿಯ ಗಂಡಸರೆಲ್ಲ ಅಲ್ಲಿ ಕುಣಿಕೆಯಲ್ಲಿ ನೇತಾಡುತ್ತಿದ್ದರು.

"ಇನ್ನೊಂದು," ಅಂದ ಪ್ರಭಣ್ಣ. "ನಾಡಿದ್ದು ದುರ್ಗದಾಗೆ ಕಾರ್ಯಕ್ರಮ. ನಿಮ್ಮ ಜನದಾಗೆ ಮುಂದೆ ಬಂದೋರಿಗೆ ಸನ್ಮಾನ. ಮಾರಪ್ಪನ ಹೆಸರು ಬಂದೈತೆ. ಬಿಳೀ ಅಂಗಿ ಕೊಡ್ಸೀನಿ, ನೀಟಾಗಿ ಗಡ್ಡ ಕೆರ್ಕಂಡು ಬರಾಕೆ ಹೇಳು. ನೀನೂ ಬಾ. ಹೆಂಡ್ತಿ ಇದ್ರೆ ಫೋಟೋದಾಗೆ ಲಕ್ಷಣ."

ಕುರ್ಚಿ ಯಾಕೆ ಬಂತು ಅಂತ ಕಾಟಮ್ಮನಿಗೆ ಆಗ ಗೊತ್ತಾಯಿತು. ಟೀ ಆರಿತ್ತು. ಲೋಟವನ್ನು ಕುರ್ಚಿಯ ಮೇಲಿಟ್ಟು ಬಂದಳು.

ಅಲ್ಲಿಂದ ನೇರ ಏಕನಾಥಮ್ಮನ ಮನೆಗೆ ಹೋಗಿ ಕಂಡದ್ದನ್ನು ಹೇಳಿದಳು. ಏಕನಾಥಮ್ಮ ರಾಗಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಲಿಲ್ಲ. "ನೀವು ಸಿಕ್ಕಾಕ್ಕಂಡ್ರಿ, ಈಗ ನನ್ನ ಮಗನ್ನೂ ಎಳ್ಕಳ್ತೀಯ," ಅಂದಳು. "ನಿಮ್ಮ ಮನಿ ಕಾರ್ಡಿಗೆ ಮಾತ್ರ ಯಾಕೆ ಬಂತು ಹಂಗಾದ್ರೆ?"

"ನಿಮ್ಮ ಮನಿಗೂ ಬರ್ತೈತೆ ಅಕ್ಕಾ. ನಿನ್ನ ಮಗನ್ನ ಕೇಳು."

"ಕೇಳ್ತೀನಿ ಹೋಗು," ಅಂದು ಏಕನಾಥಮ್ಮ ಹೊಟ್ಟು ಹಾರಿಸಿದಳು.

*

ದುರ್ಗದ ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ವೇದಿಕೆಯ ಹಿಂದೆ ಉದ್ದನೆಯ ಬ್ಯಾನರು, ಅದರಲ್ಲಿ ಕೈ ಮುಗಿದು ನಗುವ ದೊಡ್ಡವರು, ಕೆಳಗೆ "ಪರಿಶಿಷ್ಟ ಉದ್ಯಮಿಗಳ ಕಾರ್ಯಾಗಾರ" ಎಂಬ ಅಕ್ಷರ. ಮಾರಪ್ಪ ಹೊಸ ಅಂಗಿಯ ಮಡಿಕೆ ಹೋಗದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಮೊದಲ ಸಾಲಿನಲ್ಲಿ ಪ್ರಭಣ್ಣ. ಅವನಿಗೆ ಎಲ್ಲ ಅಧಿಕಾರಿಗಳೂ ನಮಸ್ಕಾರ ಮಾಡಿದರು.

"ಕೂಲಿಯಾಗಿದ್ದವರು ಇವತ್ತು ಹತ್ತು ಜನಕ್ಕೆ ಕೂಲಿ ಕೊಡುವ ಧಣಿಯಾಗಿದ್ದಾರೆ," ಎಂದು ಮೈಕಿನಲ್ಲಿ ಯಾರೋ ಹೇಳಿದರು. "ಮಾರಪ್ಪನವರು ನಮ್ಮ ಜಿಲ್ಲೆಯ ಹೆಮ್ಮೆ."

ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾರಪ್ಪ ಹೇಳಿಕೊಟ್ಟಿದ್ದಷ್ಟನ್ನು ಹೇಳಿದ, "ಸರ್ಕಾರಕ್ಕೆ ನಮಸ್ಕಾರ." ಆಮೇಲೆ ಕಲಿಸದೇ ಇದ್ದ ಒಂದು ಮಾತನ್ನೂ ಸೇರಿಸಿದ, "ನಂಗೆ ಮೋಲ್ಡ್ ಕೆಲ್ಸ ಚೆನ್ನಾಗಿ ಬರ್ತೈತೆ." ಜನ ನಕ್ಕರು. ಅವನೂ ನಕ್ಕ. ಹಿಂದಿನ ಸಾಲಿನಲ್ಲಿದ್ದ ಕಾಟಮ್ಮನಿಗೆ ಕಣ್ಣಲ್ಲಿ ನೀರು ಬಂತು. ಗಂಡನ ಮೇಲೆ ಅನುಮಾನ ಪಟ್ಟಿದ್ದಕ್ಕೆ ನಾಚಿಕೆಯಾಯಿತು, ಅವನು ಅಲ್ಲಿ ನಿಂತು ಸುಖಪಡುತ್ತಿದ್ದಾನಲ್ಲ ಅಂತ ಹೊಟ್ಟೆ ಉರಿಯಿತು.

ಅವಳು ಎದ್ದು ಹೊರಗಿನ ಮಾಹಿತಿ ಮೇಜಿನ ಹತ್ತಿರ ಹೋದಳು. ಅಲ್ಲಿ ದಾಕ್ಷಾಯಿಣಿ ಅಂತ ಹೆಸರಿನ ಬಿಲ್ಲೆ ಹಾಕಿಕೊಂಡ ಅಧಿಕಾರಿ ಬಣ್ಣದ ಕರಪತ್ರ ಹಂಚುತ್ತಿದ್ದಳು.

"ಬನ್ನಿ ಅಮ್ಮ, ಯಾವ ಯೋಜನೆ? ಸಾಲನಾ, ಸಬ್ಸಿಡಿನಾ? ಟೆಂಡರಲ್ಲಿ ನಿಮಗೆ ಮೀಸಲಾತಿ ಇದೆ, ಠೇವಣಿಯಲ್ಲಿ ರಿಯಾಯ್ತಿ ಇದೆ."

"ಅಕ್ಕಿ ಬೇಕಿತ್ತು ಮೇಡಂ. ನಮ್ಮ ಕಾರ್ಡು ವಜಾ ಆಗೈತೆ."

ಗಂಡನ ಹೆಸರು ಕೇಳಿ ದಾಕ್ಷಾಯಿಣಿ ವೇದಿಕೆಯ ಕಡೆ ನೋಡಿದಳು. "ಸನ್ಮಾನ ಆಗ್ತಿರೋದು ಅವರಿಗೇ ಅಲ್ವಾ? ಮತ್ತೆ ನಿಮಗ್ಯಾಕಮ್ಮ ಬಿಪಿಎಲ್ಲು? ಬಡವರಿಗೆ ಬಿಟ್ಟುಕೊಡಿ."

"ಹೆಸರು ಅಷ್ಟೇ ನಮ್ದು. ಕೆಲ್ಸ, ದುಡ್ಡು ಎಲ್ಲ ಬೇರೇರ್ದು. ನಾವು ಅಲ್ಲೇ ಬಾಂಡ್ಲಿ ಹೊರ್ತೀವಿ."

ಅಧಿಕಾರಿಯ ಕೈಯಲ್ಲಿದ್ದ ಕರಪತ್ರ ಅಲ್ಲೇ ನಿಂತಿತು. ಎಡಕ್ಕೆ ಬಲಕ್ಕೆ ನೋಡಿ ದನಿ ಇಳಿಸಿದಳು. "ಇದನ್ನ ಇಲ್ಲಿ ಹೇಳಬೇಡಿ. ಹೇಳಿದರೆ ಮೊದಲು ಕೇಸು ಬೀಳೋದು ನಿಮ್ಮ ಯಜಮಾನರ ಮೇಲೆ. ಲೈಸೆನ್ಸು ಬೇರೆಯವರಿಗೆ ಕೊಟ್ಟವರು ಅವರೇ ತಾನೆ?"

"ಬಿಡಿಸ್ಕಳಾದು ಹೆಂಗೆ?"

"ಅವರೇ ಅರ್ಜಿ ಹಾಕಬೇಕು. ಅವರ ಕೀ ಬೇಕು. ಅವರ ಮೊಬೈಲಿಗೆ ಓಟಿಪಿ ಬರುತ್ತೆ."

"ಕೀ ಅವ್ನತ್ರ ಐತೆ. ಆ ಹೆಸರಾಗೆ ತೆಗ್ದಿರೋ ಮೊಬೈಲೂ ಅವ್ನತ್ರನೇ ಐತೆ."

"ಹಾಗಾದರೆ ಅವರನ್ನೇ ಕೇಳಿ," ಅಂದು ದಾಕ್ಷಾಯಿಣಿ ಮುಂದಿನವರ ಕೈಗೆ ಕರಪತ್ರ ಕೊಟ್ಟಳು. ಹೆದರಿ ಹಾಗಂದಳೋ, ಅವಳೂ ಅವರಲ್ಲೊಬ್ಬಳೋ, ಕಾಟಮ್ಮನಿಗೆ ತಿಳಿಯಲಿಲ್ಲ.

ಹೊರಗೆ ಪ್ರಭಣ್ಣನ ಡ್ರೈವರು ಹಣ್ಣಿನ ಬುಟ್ಟಿಯನ್ನು ಮಾರಪ್ಪನ ಕೈಯಿಂದ ಇಸಿದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟ. "ಬುಟ್ಟಿ ಹಿಡ್ಕಂಡು ಬಸ್ಸಾಗೆ ಹೆಂಗೋಗ್ತೀಯೋ, ಹಣ್ಣು ನಜ್ಜುಗುಜ್ಜಾಗ್ತಾವೆ," ಅಂದ ಪ್ರಭಣ್ಣ. "ಶಾಲು ನೀನೇ ಇಟ್ಕ." ಕಾರು ಹೋಯಿತು. ಮಾರಪ್ಪ ಹೊಳಲ್ಕೆರೆ ಬಸ್ಸಿನಲ್ಲಿ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಮುಖ ನೋಡದೆ, ಕಿಟಕಿಯಾಚೆ ನೋಡುತ್ತ ಕೂತ.

"ಚೆನ್ನಾಗಿ ಮಾತಾಡ್ದೆ," ಅಂದಳು ಕಾಟಮ್ಮ.

"ಸುಮ್ನಿರೆ," ಅಂದ. ಶಾಲನ್ನು ಬಿಚ್ಚಿ ಮತ್ತೆ ಮಡಚಿದ.

*

ಭವನದ ತಾರಸಿಗೆ ಕಾಂಕ್ರೀಟು ಸುರಿಯುವ ಮೋಲ್ಡಿಗೆ ಇಡೀ ಕೇರಿ ಬಂದಿತ್ತು. ಊರ ಕಲ್ಯಾಣ ಮಂಟಪವನ್ನು ಕೇರಿಯವರ ಮದುವೆಗೆ ಯಾವತ್ತೂ ಕೊಟ್ಟಿರಲಿಲ್ಲ, ಯಾವಾಗ ಕೇಳಿದರೂ ಬೇರೆಯವರು ಬುಕ್ ಮಾಡಿರುತ್ತಿದ್ದರು. ಹಾಗಾಗಿ ಈ ಭವನ ಏಳುವುದನ್ನು ಎಲ್ಲರೂ ತಮ್ಮ ಮನೆ ಏಳುವಷ್ಟೇ ಆಸೆಯಿಂದ ನೋಡುತ್ತಿದ್ದರು. ಸೆಂಟ್ರಿಂಗ್ ಹಲಗೆ ಹೊಡೆದಾಗಿತ್ತು, ಕಂಬಿ ಕಟ್ಟಿ ಆಗಿತ್ತು. ಓಬಳೇಶನ ಮಿಕ್ಸರು ಗುಡುಗುಡು ತಿರುಗುತ್ತಿತ್ತು. ಹೆಂಗಸರು ಸಿಂಬೆ ಸುತ್ತಿಕೊಂಡು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದರು. ಮೇಲೆ ಮಾರಪ್ಪ ಕಾಂಕ್ರೀಟು ಎಳೆದು ಮಟ್ಟ ಮಾಡುತ್ತಿದ್ದ. ಮೋಲ್ಡ್ ಅಂದರೆ ಹಾಗೆ, ಒಮ್ಮೆ ಹಿಡಿದ ಮೇಲೆ ನಿಲ್ಲಿಸುವ ಹಾಗಿಲ್ಲ. ಊಟಕ್ಕೂ ಒಬ್ಬೊಬ್ಬರೇ ಇಳಿಯಬೇಕು. ನಿಂತರೆ ಹಳೆಯದು ಗಟ್ಟಿಯಾಗಿ ಹೊಸದು ಅದಕ್ಕೆ ಕೂಡುವುದಿಲ್ಲ, ಮಳೆ ನೀರು ಆ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಕೇರಿಯ ಸಣ್ಣ ಮಕ್ಕಳಿಗೂ ಇದು ಗೊತ್ತು.

ಅರ್ಧ ತಾರಸಿ ತುಂಬಿದಾಗ ಕಾಟಮ್ಮ ತನ್ನ ಕೈಗೆ ಬಂದ ಬಾಂಡ್ಲಿಯನ್ನು ಮುಂದಕ್ಕೆ ದಾಟಿಸಲಿಲ್ಲ. ನೆಲಕ್ಕಿಟ್ಟು ಅದರ ಪಕ್ಕ ನಿಂತಳು. ಸಾಲು ತುಂಡಾಯಿತು.

"ಏನೇ ಅದು, ದಾಟ್ಸೆ," ಪ್ರಭಣ್ಣ ನೆರಳಿನಿಂದ ಕೂಗಿದ. ಅವನ ಪಕ್ಕ ಇಲಾಖೆಯ ಇಂಜಿನಿಯರು ಎಳನೀರು ಕುಡಿಯುತ್ತಿದ್ದ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮುಖದವನು.

ಕಾಟಮ್ಮ ಇಂಜಿನಿಯರನ ಹತ್ತಿರ ಹೋದಳು. "ಸಾರ್, ನಿಮ್ಮ ಲೆಕ್ಕದಾಗೆ ಈ ಕೆಲ್ಸ ಯಾರ್ದು?"

ಅವನು ಪ್ರಭಣ್ಣನ ಮುಖ ನೋಡಿದ. "ಮಾರಪ್ಪ ಅಂತ ಇದೆ."

"ಮಾರಪ್ಪ ನನ್ನ ಗಂಡ. ಕೆಲ್ಸ ನಮ್ದು. ನಾವು ನಿಲ್ಸೀವಿ. ನಮ್ಮ ಕೀ, ನಮ್ಮ ಹೆಸರಿನ ಫೋನು ಕೈಗೆ ಬಂದ ಮ್ಯಾಲೆ ಬಾಂಡ್ಲಿ ಎತ್ತೀವಿ."

ಪ್ರಭಣ್ಣ ಎದ್ದು ಬಂದ. ಮೊದಲು ನಕ್ಕ. "ಸಾಯಂಕಾಲ ಮನೆಗೆ ಬಾ, ಕೊಡ್ತೀನಿ. ಈಗ ಮೋಲ್ಡ್ ಕೆಡ್ತೈತೆ."

"ಈಗ್ಲೇ ತರ್ಸು."

"ಲೇ ಲೌಡಿ, ಕುರ್ಚಿ ಕೊಟ್ಟು ಟೀ ಕೊಟ್ಟಿದ್ದಕ್ಕೆ ತಲೆ ಮೇಲೆ ಹತ್ತೀಯೇನೆ? ನಿಮ್ಮಪ್ಪಂದಾ ಸಿಮೆಂಟು? ಲೇ ಓಬ್ಳಾ, ಓಡ್ಸೋ ಮಿಕ್ಸರ್. ನೀವೇನ್ ನೋಡ್ತೀರೆ ಸೂಳೇರಾ, ಹೊರ್ರಿ."

ಯಾರೂ ಅಲ್ಲಾಡಲಿಲ್ಲ, ಯಾರೂ ಕಾಟಮ್ಮನ ಕಡೆಗೂ ಬರಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಇವಳು ತನ್ನ ಮನೆಯ ಅಕ್ಕಿಗೋಸ್ಕರ ಕೇರಿಯ ಭವನ ಕೆಡಿಸುತ್ತಿದ್ದಾಳೆ ಅನ್ನುವ ಅನುಮಾನ ಆ ಕಣ್ಣುಗಳಲ್ಲಿ ಕಾಟಮ್ಮನಿಗೆ ಚೆನ್ನಾಗಿಯೇ ಕಂಡಿತು. ಮಿಕ್ಸರು ಮಾತ್ರ ತಿರುಗುತ್ತಿತ್ತು.

ಏಕನಾಥಮ್ಮ ತಲೆಯ ಮೇಲಿನ ಬಾಂಡ್ಲಿ ಇಳಿಸದೆ ಮಿಕ್ಸರಿನ ಹತ್ತಿರ ಹೋದಳು. "ಮಗಾ, ನಿನ್ನೆ ಕೇಳಿದ್ದಕ್ಕೆ ಉತ್ರ ಕೊಡ್ಲಿಲ್ಲ. ಇವತ್ತು ಎಲ್ಲರ ಮುಂದೆ ಹೇಳು. ನಿನ್ನ ಕೀನೂ ಅಲ್ಲೈತಾ?"

ಓಬಳೇಶ ತಾಯಿಯನ್ನು ನೋಡಿದ, ಪ್ರಭಣ್ಣನನ್ನು ನೋಡಿದ. ತಲೆ ತಗ್ಗಿಸಿ ಮಿಕ್ಸರ್ ಆರಿಸಿದ.

ಅಷ್ಟು ಹೊತ್ತಿನ ಸದ್ದು ಒಮ್ಮೆಗೇ ನಿಂತಿದ್ದಕ್ಕೆ ಕೇರಿಯ ನಾಯಿಗಳು ಬೊಗಳಿದವು. ಏಕನಾಥಮ್ಮ ಬಾಂಡ್ಲಿಯನ್ನು ಪ್ರಭಣ್ಣನ ಬೂಟಿನ ಮುಂದೆ ಇಳಿಸಿದಳು. ಅವಳ ಹಿಂದೆ ಇನ್ನೊಬ್ಬಳು ಇಳಿಸಿದಳು. ಆಮೇಲೆ ಸಾಲೆಲ್ಲ ಇಳಿಸಿತು.

ಪ್ರಭಣ್ಣನ ಕುತ್ತಿಗೆಯ ನರ ಎದ್ದಿತು. "ಮಾರಪ್ಪಾ, ಕೇಳ್ಸ್ಕಳೋ ಬೋಸುಡಿಕೆ. ಕೆಲ್ಸ ಅರ್ಧಕ್ಕೆ ನಿಂತ್ರೆ ನೋಟಿಸು ಬರಾದು ನಿಂಗೆ. ಹೆಸರು ಬ್ಲ್ಯಾಕ್‌ಲಿಸ್ಟಿಗೆ ಹಾಕಿಸ್ತೀನಿ. ಠೇವಣಿ ಜಪ್ತಿ ಮಾಡ್ಸ್ತೀನಿ. ಜೈಲಿಗೆ ಹೋಗ್ತೀಯ."

ಮೇಲೆ ತಾರಸಿಯ ಅಂಚಿನಲ್ಲಿ ಮಾರಪ್ಪ ಕರಣೆ ಹಿಡಿದು ನಿಂತಿದ್ದ.

ಕಾಟಮ್ಮ ಇಂಜಿನಿಯರನ ಕಡೆ ತಿರುಗಿದಳು. "ಸಾರ್, ಬ್ಲ್ಯಾಕ್‌ಲಿಸ್ಟಿಗೆ ಹಾಕಿದ ಹೆಸರಾಗೆ ಮತ್ತೆ ಟೆಂಡರ್ ಬರ್ತೈತಾ?"

"ಎಲ್ಲಿ ಬರುತ್ತಮ್ಮ. ಆ ಹೆಸರಲ್ಲಿ ಇನ್ನೇನೂ ಹಾಕೋಕಾಗಲ್ಲ," ಅಂದ ಅವನು. ಅಂದ ಮೇಲೆ ಪ್ರಭಣ್ಣನ ಮುಖ ನೋಡಿ ಎಳನೀರಿನ ಬುರುಡೆ ಕೆಳಗಿಟ್ಟ.

ಆ ಮಾತನ್ನೂ ಕಾಟಮ್ಮ ಎಂದಿನಂತೆ ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲಿಂದ ನೋಡಿದರೂ ಅದು ಸರಿಯಾಗಿಯೇ ಇತ್ತು.

"ಹಾಕ್ಸು," ಅಂದಳು. "ಬಾಗೂರಿನ ಕೆಲ್ಸ ಹೆಂಗ್ ಮಾಡ್ತೀಯೋ ನೋಡಾಣ. ಕೆಟ್ಟ ಹೆಸರಾದ್ರೂ ನಮ್ಮನೇಗೆ ಬರ್ಲಿ."

ಪ್ರಭಣ್ಣನ ದನಿ ಬದಲಾಯಿತು. "ಕಾಟಮ್ಮಾ, ನೋಡವ್ವಾ. ನಿಮ್ಮ ಭವನ ಅಲ್ವಾ ಇದು. ನಿಮ್ಮ ಮಕ್ಳ ಮದ್ವೆ ಆಗೋ ಜಾಗ."

"ಹೌದು, ನಮ್ದೇ," ಅಂದಳು ಕಾಟಮ್ಮ. ಏಣಿ ಹತ್ತಿ ಮೇಲೆ ಹೋದಳು.

ಪ್ರಭಣ್ಣ ಫೋನು ತೆಗೆದು ಹೊಸದುರ್ಗದ ಕಡೆಯ ಮೇಸ್ತ್ರಿಗೆ ಕೂಗಾಡಿದ. ಆಳು ಎಷ್ಟು ಸಿಕ್ಕಿದರೆ ಅಷ್ಟನ್ನೂ ಟೆಂಪೋದಲ್ಲಿ ತುಂಬಿಕೊಂಡು ಈಗಿಂದೀಗಲೇ ಬಾ ಅಂದ. ಮೇಲೆ ಮಾರಪ್ಪ ಹಸಿ ಕಾಂಕ್ರೀಟಿನ ಅಂಚನ್ನು ನೋಡುತ್ತಿದ್ದ. ಜೀವಮಾನದಲ್ಲಿ ಅವನು ಒಂದು ಮೋಲ್ಡನ್ನೂ ಅರ್ಧಕ್ಕೆ ಬಿಟ್ಟವನಲ್ಲ. "ಅಂಚಿಗೊಂದಿಷ್ಟು ಓರೆ ಹಿಡಿದ್ರೆ ಆಮ್ಯಾಲೆ ಕೂಡಿಸ್ಬೋದು ಕಣೆ," ಅಂದ. ಕರಣೆ ಹಿಡಿದ ಕೈ ತಾನಾಗಿ ಅಂಚಿನ ಕಡೆ ಹೋಯಿತು.

"ಕೈ ಹಚ್ಚಬ್ಯಾಡ."

"ನಮ್ಮ ಕೇರಿದು ಕಣೆ."

"ಗೊತ್ತು. ಕರಣೆ ಇಲ್ಲಿ ಕೊಡು."

ಅವನು ಕೊಟ್ಟ. ಕಾಟಮ್ಮನಿಗೆ ಆಗಲೂ ಅವನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಕರಣೆಯನ್ನು ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕೂತಳು. ಬಿಸಿಲು ನೆತ್ತಿಗೆ ಬಂದಿತ್ತು. ಆಗಾಗ ಕೈ ಚಾಚಿ ಕಾಂಕ್ರೀಟಿಗೆ ಬೆರಳು ಒತ್ತಿ ನೋಡಿದಳು. ಬೆರಳು ಇಳಿಯುತ್ತಿತ್ತು. ಕೆಳಗೆ ಹೆಂಗಸರು ತಮ್ಮ ತಮ್ಮ ಬಾಂಡ್ಲಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಏಕನಾಥಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಭವನಕ್ಕಾಗಿ ಅತ್ತಳೋ ಮಗನಿಗಾಗಿ ಅತ್ತಳೋ ಯಾರೂ ಕೇಳಲಿಲ್ಲ.

ಟೆಂಪೋ ಬಂದಾಗ ನೆರಳು ವಾಲಿತ್ತು. ಅದರಿಂದ ಇಳಿದವರೂ ಇಂಥದೇ ಇನ್ನೊಂದು ಕೇರಿಯವರು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರು, ಕೈಯಲ್ಲಿ ಸಿಂಬೆ. ಇಳಿದು ಮುಂದೆ ಬರಲಾರದೆ ನಿಂತರು.

ಕಾಟಮ್ಮ ಇನ್ನೊಮ್ಮೆ ಬೆರಳು ಒತ್ತಿದಳು. ಅನುಮಾನ ಬಂದು ಹೆಬ್ಬೆರಳು ಊರಿ ಮೈಭಾರವೆಲ್ಲ ಬಿಟ್ಟಳು. ಇಳಿಯಲಿಲ್ಲ.

"ಬರ್ರಿ, ಕುಂತ್ಕಳ್ರಿ," ಎಂದು ಟೆಂಪೋದಿಂದ ಇಳಿದವರಿಗೆ ಮೇಲಿನಿಂದ ಕೂಗಿದಳು. "ಕಲ್ಲಾಗೈತೆ."